ಎಂಟು ಮೀಟರ್ ಗೀರು

ಹತ್ತೊಂಬತ್ತು ವರ್ಷದಿಂದ ನಾನು ಹೈಸ್ಕೂಲಿನ ಪ್ರಯೋಗಾಲಯದ ಅಟೆಂಡರ್. ಸಂವೇಗದ ಪಾಠ ಬಂತೆಂದರೆ ಎರಡು ಪುಟ್ಟ ಗಾಡಿಗಳ ಚಕ್ರಕ್ಕೆ ಎಣ್ಣೆ ಬಿಟ್ಟು, ಮೂತಿಗೆ ಜೇಡಿಮಣ್ಣು ಮೆತ್ತಿ, ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುವುದು ನನ್ನ ಕೆಲಸ. ಪಾಠ ಮಾಡುವವರಿಗೆ ಮಕ್ಕಳಿಟ್ಟ ಹೆಸರು ಮೈನಸ್ ಮೇಡಂ. ಎದುರಿನಿಂದ ಬರುವ ಗಾಡಿಯ ವೇಗಕ್ಕೆ ಮೈನಸ್ ಹಾಕಲು ಮರೆತರೆ ಮುಗಿಯಿತು, ಹೆಡ್‌ಮಾಸ್ಟರರ ಮಗಳಾದರೂ ಸೊನ್ನೆ.

ಮೇಡಂಗೆ ಇರುವುದು ಒಬ್ಬ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಇವರಿಗೆ ಹದಿನೇಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆರದೆ ಸಾಕಿದವರಿಗೂ ಅಷ್ಟೇ. ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದ ಆ ತಮ್ಮ ಒಂದು ಸೋಮವಾರ ನಮ್ಮ ಶಾಲೆಯ ಬೀದಿಯಲ್ಲೇ ಎದುರಿನಿಂದ ಬಂದ ಬೈಕಿಗೆ ಗುದ್ದಿದ. ಬೈಕಿನಲ್ಲಿದ್ದದ್ದು ನಮ್ಮ ಮಕ್ಕಳ ಯೂನಿಫಾರ್ಮ್ ಹೊಲಿಯುವ ದರ್ಜಿ. ಆತ ಅಲ್ಲೇ ಹೋಗಿಬಿಟ್ಟ.

ಮೇಡಂ ಅಳಲಿಲ್ಲ. ಮಾರನೇ ದಿನ ಬಂದು ಹಾಜರಿ ಕರೆದರು. ಊಟದ ಡಬ್ಬಿ ತೆರೆದು, ಹಾಗೇ ಮುಚ್ಚಿದರು.

ಮೂರನೇ ದಿನ ಆ ತಮ್ಮನೇ ಪ್ರಯೋಗಾಲಯಕ್ಕೆ ಬಂದ. "ಅಕ್ಕಾ, ವ್ಯಾನ್ ನಲವತ್ತರ ಒಳಗಿತ್ತು ಅಂತ ಲೆಕ್ಕ ಹಾಕಿ ಬರ್ಕೊಡು. ನೀನು ಬರೆದ್ರೆ ಎಲ್ರೂ ನಂಬ್ತಾರೆ ಅಂತಾರೆ ವಕೀಲ್ರು. ಇಲ್ಲಾಂದ್ರೆ ನಂಗೆ ಜೈಲೇ."

ಆ ಬೀದಿಯಲ್ಲಿ ನಲವತ್ತು ದಾಟುವಂತಿಲ್ಲ.

"ಎಷ್ಟರಲ್ಲಿದ್ದೆ?"

"ಮೂವತ್ತೈದು. ನಿನ್ನಾಣೆ. ಅವನೇ ಹಾರ್ಕೊಂಡು ಬಂದ."

ಮರುದಿನ ಗಂಟೆ ಹೊಡೆಯುವ ಮೊದಲು ಪ್ರಯೋಗಾಲಯದ ಟೇಪು ಹಿಡಿದು ಮೇಡಂ ಮತ್ತು ನಾನು ಬೀದಿಗೆ ಹೋದೆವು. ಬೈಕನ್ನು ಮೂತಿಯಲ್ಲಿ ಸಿಕ್ಕಿಸಿಕೊಂಡು, ಬ್ರೇಕ್ ಹಾಕಿದ ವ್ಯಾನ್ ಜಾರಿ ನಿಂತ ಗೀರು ಇನ್ನೂ ಇತ್ತು. ಎಂಟು ಮೀಟರ್. ಬೈಕಿನ ಸ್ಪೀಡೋಮೀಟರಿನ ಮುಳ್ಳು ಐವತ್ತರಲ್ಲಿ ಸಿಕ್ಕಿಕೊಂಡಿತ್ತಂತೆ. ತೂಕಗಳು ಪೊಲೀಸರ ಕಾಗದದಲ್ಲಿದ್ದವು.

ಮೇಡಂ ಕೂತು ಲೆಕ್ಕ ಹಾಕಿದರು. "ಮೂವತ್ತಾರು" ಅಂದರು. ನಾಲ್ಕು ದಿನದಲ್ಲಿ ಮೊದಲ ಸಲ ಒಂದು ಲೋಟ ನೀರು ಪೂರ್ತಿ ಕುಡಿದರು. ನಾನೂ ಸಮಾಧಾನದಿಂದ ಟೇಪು ಸುತ್ತಿಟ್ಟೆ.

ಹಾಳೆಯನ್ನು ನಾನು ನೋಡಲೇಬಾರದಿತ್ತು. ನೋಡಿದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸೂತ್ರ ಗೀತ್ರ ನನಗೆ ಅಷ್ಟಕ್ಕಷ್ಟೇ, ಆದರೆ ಗಾಡಿ ತಳ್ಳಿ ಗೊತ್ತು.

"ಮೇಡಂ, ಗುದ್ದೋಕೆ ಮುಂಚೆ ಮೂವತ್ತಾರು ಅಂತಿದೆ. ಗುದ್ದಿದ ಮೇಲೆ, ಗೀರಿನ ಲೆಕ್ಕದಲ್ಲಿ, ಮೂವತ್ತೆಂಟು. ಎದುರಿಂದ ಬಂದದ್ದಕ್ಕೆ ಗುದ್ದಿದ್ರೆ ಗಾಡಿ ವೇಗ ಜಾಸ್ತಿ ಆಗುತ್ತಾ?"

ಅವರು ಹಾಳೆಯನ್ನೇ ನೋಡುತ್ತ ಕೂತರು. ಬೆಲ್ಲು ಹೊಡೆಯಿತು, ಏಳಲಿಲ್ಲ. ಆಮೇಲೆ ಕೆಂಪು ಪೆನ್ನು ತೆಗೆದುಕೊಂಡು ಬೈಕಿನ ವೇಗಕ್ಕೆ ಮೈನಸ್ ಎಳೆದು, ಕೆಳಗಿನದೆಲ್ಲ ಹೊಡೆದುಹಾಕಿ ಮತ್ತೆ ಲೆಕ್ಕ ಮಾಡಿದರು. ವ್ಯಾನಿನ ವೇಗವೂ ಐವತ್ತು ಬಂತು.

ಸಂಜೆ ಬಂದ ತಮ್ಮ, ಹಾಳೆ ನೋಡಿ ಬಿಳಿಚಿಕೊಂಡ. "ಒಂದು ಗೀಟು ತಾನೇ ಅಕ್ಕಾ! ಅದೊಂದು ಬಿಟ್ಟು ಬರ್ಕೊಡು."

"ಅವನು ಜೋರಾಗಿ ಬಂದ ಅಂತ ನೀನೇ ಅಂದೆ" ಎಂದರು ಮೇಡಂ, ಪಾಠ ಮಾಡುವ ದನಿಯಲ್ಲೇ. "ಅವನು ಜೋರಾಗಿ ಬಂದಷ್ಟೂ ನೀನೂ ಜೋರಾಗಿ ಬಂದಿರ್ಬೇಕು. ಇಲ್ಲಾಂದ್ರೆ ಅವನನ್ನ ಎಂಟು ಮೀಟರ್ ಹಿಂದಕ್ಕೆ ತಳ್ಳೋಕಾಗಲ್ಲ." ಪೆನ್ನಿಗೆ ಮುಚ್ಚಳ ಹಾಕಿ, "ನನ್ನಾಣೆ ಯಾಕೋ ಹಾಕ್ದೆ?" ಅಂದರು.

ಅವನು ಬಾಗಿಲು ಬಡಿದು ಹೋದ. ಮೇಡಂ ಹಾಳೆ ಮಡಚಿ ಪರ್ಸಿನಲ್ಲಿಟ್ಟು, ನಡೆದೇ ಪೊಲೀಸ್ ಠಾಣೆಗೆ ಹೋದರು. ಜೊತೆಗೆ ಬರುತ್ತೇನೆ ಎಂದೆ. ಬೇಡ ಎಂದರು.

ತೀರ್ಪು ಬಂದ ಮರುದಿನವೂ ರಜೆ ಹಾಕಲಿಲ್ಲ. "ಎಷ್ಟಾಯ್ತು ಮೇಡಂ?" ಎಂದೆ. "ಎರಡು ವರ್ಷ" ಎಂದು ಉತ್ತರಪತ್ರಿಕೆಯ ಕಟ್ಟು ಬಿಚ್ಚಿದರು. ಅದೇ ಪಾಠದ ಪರೀಕ್ಷೆ. ಮೂರನೆಯದೋ ನಾಲ್ಕನೆಯದೋ ಪತ್ರಿಕೆಯಲ್ಲಿ ಅವರ ಪೆನ್ನು ನಿಂತಿತು. ಯಾವುದೋ ಹುಡುಗಿ ಮೈನಸ್ ಬಿಟ್ಟಿದ್ದಳು.

ಪತ್ರಿಕೆಯನ್ನು ನನ್ನ ಕಡೆ ಸರಿಸಿ, ಕೆಂಪು ಪೆನ್ನು ಚಾಚಿದರು.

"ನನ್ನ ಕೈಲಿ ಆಗ್ತಿಲ್ಲ. ನೀವೇ ಹಾಕಿ."

ಮೊದಲು ಬಾಯಿ ಬಿಟ್ಟವನು ನಾನೇ ತಾನೆ. ಸೊನ್ನೆ ಹಾಕಿದೆ.