ಕುಲಾವಿಯ ಅಳತೆ

ಚಳ್ಳಕೆರೆಯಿಂದ ಪ್ರೈವೇಟ್ ಬಸ್ಸಿನಲ್ಲಿ ಬರುತ್ತಿದ್ದ ಅವರನ್ನು ಊರೆಲ್ಲ ‘ರಕ್ತದ ಮೇಡಂ’ ಎನ್ನುತ್ತಿತ್ತು. ಬಸಿರಾಗುವ ಮೊದಲೇ ಹೆಂಗಸರನ್ನು ಸೇರಿಸಿಕೊಂಡು ಅವರ ರಕ್ತ ಪರೀಕ್ಷಿಸಿ, ಮುಂದೆ ಹುಟ್ಟುವ ಮಕ್ಕಳ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಸಂಶೋಧನೆ ಅವರದು. ಕೊಡೆಯನ್ನು ಹೊಸ್ತಿಲಾಚೆ ಒರಗಿಸಿ, ಸೆರಗಿನಿಂದ ಕನ್ನಡಕ ಒರೆಸಿಕೊಂಡೇ ಮಾತಿಗೆ ಶುರು.

ನಾನಾಗ ಮೊಳಕಾಲ್ಮೂರಿನಿಂದ ಬಂದ ಹೊಸ ಸೊಸೆ. ಶೇಂಗಾ ಸುಲಿಯುತ್ತಿದ್ದ ಅತ್ತೆ ನಕ್ಕರು. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ದಂಗಾತು ನಿಮ್ದು.”

“ಹೂನವ್ವ, ಕುಲಾವಿ ಹೊಲಿಯೋಕೇ ಬಂದೀನಿ,” ಎಂದು ಮೇಡಂ ಎಲ್ಲವನ್ನೂ ಬಿಡಿಸಿ ಹೇಳಿದರು. ಅತ್ತೆಗೆ ಮನಸ್ಸಾಯಿತು. ನನ್ನ ತೋಳು ಹಿಡಿದು ಮುಂದೆ ಚಾಚಿದರು: “ತಗಳ್ರಿ ರಕ್ತ.”

ಮೇಡಂ ಸೂಜಿ ಮುಟ್ಟಲಿಲ್ಲ. ನನ್ನ ಕಡೆ ತಿರುಗಿದರು. “ನೀನೇನಂತೀಯಮ್ಮ?”

ಮದುವೆ ಗೊತ್ತುಮಾಡುವಾಗಲೂ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಉತ್ತರ ಹೇಳುವ ರುಚಿ ನೋಡಬೇಕೆನಿಸಿ, “ಇವತ್ತು ಬ್ಯಾಡ, ನಾಳೆ ಬರ್ರಿ,” ಎಂದುಬಿಟ್ಟೆ. ಅತ್ತೆ ಬಾಯಿ ಬಿಟ್ಟುಕೊಂಡು ನೋಡಿದರು. ಮೇಡಂ ಮಾತ್ರ ಕೊಡೆ ಎತ್ತಿಕೊಂಡು ಹೊರಟರು. ಮರುದಿನ ಅದೇ ಬಸ್ಸಿಗೆ ಬಂದು ಅದೇ ಪ್ರಶ್ನೆ ಕೇಳಿದರು. ತೋಳನ್ನು ನಾನೇ ಚಾಚಿದೆ.

ಈಗ ನನ್ನ ಮಗಳು ಶಾಲೆಗೆ ಹೋಗುತ್ತಾಳೆ. ಮೊನ್ನೆ ಅವಳ ಎತ್ತರ ಅಳೆಯಲು ಮೇಡಂ ಬಂದಾಗ ನಾನೇ ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಅವರು ಟೇಪು ಬಿಚ್ಚಲಿಲ್ಲ. ಅವಳೆದುರು ಮಂಡಿಯೂರಿ, “ನೀನೇನಂತೀಯಮ್ಮ?” ಎಂದರು.

“ಇವತ್ತು ಬ್ಯಾಡ,” ಎಂದಳು ಮಗಳು. “ನಾಳೆ ಬರ್ರಿ.”

ಮೇಡಂ ನನ್ನ ಮುಖ ನೋಡಿ ನಕ್ಕು, ಕೊಡೆ ಎತ್ತಿಕೊಂಡರು. ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಕುಲಾವಿ ಅಳತೆಗೆ ಸರಿಯಾಗೇ ಕುಂತೈತೆ ಬಿಡ್ರಿ!”