ಶನಿವಾರದ ಖಾತೆ

ಮನೆ ಸಾಲ ಕೇಳಲು ಹೋದವಳಿಗೆ ಮ್ಯಾನೇಜರು ಬುದ್ಧಿವಾದ ಹೇಳಿ ಕಳಿಸಿದರು. ರಾಬರ್ಟ್‌ಸನ್‌ಪೇಟೆಯ ಆ ಬ್ಯಾಂಕಿನಲ್ಲಿ ನನ್ನ ಖಾತೆ ಇದ್ದದ್ದು ಕಾಲೇಜಿನ ದಿನಗಳಿಂದ. ಅವರು ಸ್ಟೇಟ್‌ಮೆಂಟ್ ತಿರುವಿ ಹಾಕಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಟೀಚರ್ ಕೆಲಸದ ಜೊತೆಗೆ ಬಡ್ಡಿ ವ್ಯವಹಾರವೂ ಇದೆಯೇ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ವಾರವಾರ ಖಾತೆಗೆ ಬರುತ್ತಿದ್ದ ಆ ದುಡ್ಡು ಬಡ್ಡಿಯಲ್ಲ, ಕೂಲಿ. ಊರಿಗಾಂನಲ್ಲಿ ಚಿನ್ನದ ಗಣಿ ಕಂಪನಿ ಕೂಲಿಗಳಿಗೆಂದು ಕಟ್ಟಿಸಿದ್ದ ಸಾಲುಮನೆಗಳು, ನಮ್ಮ ಲೈನು. ಅಲ್ಲಿನ ಹೆಂಗಸರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಮೇಸ್ತ್ರಿ ವಾರದ ಕೂಲಿಯನ್ನು ಫೋನಿನಲ್ಲೇ ಹಾಕುತ್ತಾನೆ. ಅವರವರ ಖಾತೆಗೆ ಬಿದ್ದರೆ ಮೆಸೇಜು ಹೋಗುವುದು ಗಂಡನ ಫೋನಿಗೆ. ಇವರು ರೈಲಿಳಿಯುವುದರೊಳಗೆ ದುಡ್ಡಿಗೆ ರೆಕ್ಕೆ ಬಂದಿರುತ್ತದೆ. ಅದಕ್ಕೇ ಎಲ್ಲರ ಕೂಲಿಯೂ ನನ್ನ ಖಾತೆಗೆ. ಶನಿವಾರ ಸಂಜೆ ನಾನು ಎಟಿಎಂನಿಂದ ತಂದು, ನಮ್ಮ ಜಗಲಿಯ ಮೇಲೆ ಕೂತು ಅವರವರ ಕೈಗೆ ಕೊಡುತ್ತೇನೆ. ಅಮ್ಮನೂ ಗಾರೆ ಕೆಲಸಕ್ಕೆ ಹೋಗುತ್ತಿದ್ದಾಗ ಶುರುವಾದ ರೂಢಿ. ಅಮ್ಮನ ಸೊಂಟ ಬಿದ್ದುಹೋದ ಮೇಲೂ ನಿಲ್ಲಲಿಲ್ಲ.

ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಸಂಬಳ ಅಲ್ಲಿಗೆ ಹಾಕಿಸಬೇಕು, ಈ ಖಾತೆ ಮುಚ್ಚಬೇಕು, ಆರು ತಿಂಗಳು ಬಿಟ್ಟು ಅಲ್ಲೇ ಸಾಲ ಕೇಳಬೇಕು. ಇಷ್ಟೇ ಮ್ಯಾನೇಜರ ಬುದ್ಧಿವಾದ. ಬಂಗಾರಪೇಟೆಯಲ್ಲಿ, ನಾನು ಪಾಠ ಹೇಳುವ ಶಾಲೆಯ ಹತ್ತಿರವೇ ಖಾತೆ ತೆರೆದೆ. ಹಳೆಯದನ್ನು ಮುಚ್ಚುವ ಅರ್ಜಿಯನ್ನೂ ತುಂಬಿದೆ. ನಾನು ಹುಟ್ಟಿ ಬೆಳೆದ ಲೈನಿನ ಮನೆ ಇಂದಿಗೂ ನಮ್ಮ ಹೆಸರಿನಲ್ಲಿಲ್ಲ. ಅಮ್ಮನನ್ನು ನಮ್ಮದೇ ಅನ್ನುವ ಮನೆಯಲ್ಲಿ ಕೂರಿಸಬೇಕೆಂಬ ಹಟ ನನಗೆ.

ಆ ಶನಿವಾರ ಎಲ್ಲರಿಗೂ ವಿಷಯ ತಿಳಿಸಿದೆ. ಯಾರೂ ಎದುರಾಡಲಿಲ್ಲ. ಅದೇ ನನಗೆ ಚುಚ್ಚಿತು. ಪಕ್ಕದ ಮನೆಯ ಮುದುಕಿ, ನಾವೆಲ್ಲ ಅವ್ವ ಎಂದು ಕರೆಯುವವಳು, ದುಡ್ಡನ್ನು ಸೆರಗಿಗೆ ಗಂಟು ಹಾಕುತ್ತಾ ಅಂದಳು:

“ನಿಂಗೆ ಮನೆ ಆಗ್ಲಿ ಬುಡು ಮಗಾ. ನಮ್ದು ಎಂಗೋ ಆಯ್ತದೆ.”

ಹೇಗೆ ಆಗುತ್ತದೆಂದು ನನಗೆ ಗೊತ್ತಿಲ್ಲವೇ? ಅವಳ ಮಗ ಅಷ್ಟನ್ನೂ ಕುಡಿದು ಮುಗಿಸುತ್ತಾನೆ. ಅರ್ಜಿಯನ್ನು ಹರಿದು ನೀರೊಲೆಗೆ ಹಾಕಿದೆ.

ಆರು ತಿಂಗಳು ಕಳೆಯಿತು. ಹಳೇ ಖಾತೆಯ ಮಾತೇ ಎತ್ತಬೇಡ, ಯಾರಿಗೆ ಗೊತ್ತಾಗುತ್ತದೆ ಎಂದರು ಶಾಲೆಯ ಜೊತೆಗಾರರು. ನಾನೇನು ಕದ್ದಿದ್ದೇನೆಯೇ ಬಚ್ಚಿಡಲು? ಎರಡೂ ಸ್ಟೇಟ್‌ಮೆಂಟ್ ಒಯ್ದು ಹೊಸ ಬ್ಯಾಂಕಿನ ಸಾಲದ ಅಧಿಕಾರಿಯ ಮುಂದಿಟ್ಟೆ. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ವಾರವಾರ ಬಂದು, ಬಂದಷ್ಟೂ ನಗದಾಗಿ ಹೋಗುವ ದುಡ್ಡು ಯಾರದೆಂದು ಹುಬ್ಬು ಗಂಟಿಕ್ಕಿದಳು.

“ಕೂಲಿಯವರದು,” ಅಂದೆ. “ಅದನ್ನ ನನ್ನ ಆದಾಯ ಅಂತ ಹಿಡೀಬೇಡಿ, ತಪ್ಪು ಅಂತಲೂ ಹಿಡೀಬೇಡಿ. ಆ ಖಾತೆ ಮಾತ್ರ ನಾನು ಮುಚ್ಚಲ್ಲ.”

ಹಾಗಾದರೆ ಆ ಕೂಲಿಯವರಿಂದ ಬರೆಸಿಕೊಂಡು ಬನ್ನಿ ಎಂದಳು. ಬರೆಸಿ ತರುವುದೇನು, ಸೋಮವಾರ ಒಂದು ದಿನದ ಕೂಲಿ ಬಿಟ್ಟು ಅವರೇ ಬಂದರು. ಬ್ಯಾಂಕಿನ ಕುರ್ಚಿಗಳೆಲ್ಲ ತುಂಬಿದವು. ಇಲ್ಲೇನು ಕೆಲಸ ಎಂದ ಕಾವಲುಗಾರನಿಗೆ ಅವ್ವ, ಸಾಕ್ಷಿ ಹೇಳಲು ಬಂದಿದ್ದೇವೆ, ಸರಿದು ನಿಲ್ಲು ಎಂದಳು. ಒಬ್ಬೊಬ್ಬರೂ ಸಹಿ ಹಾಕಿದರು. ಅವ್ವ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಅಧಿಕಾರಿಯ ಮುಂದೆ ಗಟ್ಟಿಯಾಗಿ ಕೂತಳು.

“ಈ ಉಡ್ಗಿ ನಮ್ ದುಡ್ಡಾಗೆ ಒಂದ್ ಟೀ ಕುಡ್ದಿಲ್ಲ ಕಣಮ್ಮಾ. ಇವ್ಳಿಗ್ ಕೊಡ್ದಿದ್ರೆ ಇನ್ಯಾರಿಗ್ ಕೊಡ್ತೀಯ?”

ಸಾಲ ಬಂತು. ಬಂಗಾರಪೇಟೆಯಲ್ಲಿ, ಸ್ಟೇಷನ್ನಿಗೆ ಹತ್ತಿರದಲ್ಲೇ, ಎರಡು ಕೋಣೆಯ ಮನೆ ಎದ್ದಿತು. ಗಾರೆ ಕಲಸಿದವರು ಯಾರೆಂದು ಬೇರೆ ಹೇಳಬೇಕೇ? ನಕ್ಷೆಯಲ್ಲಿ ಮನೆ ಮುಂದೆ ಬೈಕು ನಿಲ್ಲಿಸುವ ಜಾಗವಿತ್ತು. ನಾನು ಅಲ್ಲಿ ಉದ್ದಕ್ಕೂ ಜಗಲಿ ಕಟ್ಟಿಸಿದೆ.

ಹಳೇ ಖಾತೆ ಹಾಗೇ ಇದೆ. ಶನಿವಾರ ಅವರು ಊರಿಗಾಂ ಮುಟ್ಟುವ ಮೊದಲೇ, ದಾರಿಯ ಬಂಗಾರಪೇಟೆಯಲ್ಲಿ ರೈಲಿಳಿದು ನಮ್ಮ ಜಗಲಿಗೆ ಬರುತ್ತಾರೆ. ಅಮ್ಮ ಟೀ ಕಾಯಿಸುತ್ತಾಳೆ. ದುಡ್ಡು ಸೆರಗು ಸೇರಿದ ಮೇಲೂ ಯಾರಿಗೂ ಏಳುವ ಅವಸರವಿಲ್ಲ. ಊರಿಗಾಂನಲ್ಲಿ ಗಂಡಂದಿರು ಕಾಯಲಿ.