ಪಾನಕ ಕುಡಿದ ಎಲೆ

ಹಿರಿಯೂರಿನ ನಮ್ಮತ್ತೆಯ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಬರೀಬೇಡ ಅಂತ ಕಾಮೆಂಟ್ ಹಾಕುವವರು ಹಾಕಿಕೊಳ್ಳಿ. ಬದುಕಿದ್ದಾಗ ಎದುರಿಗೇ ಹೇಳಿದವಳು ನಾನು, ಈಗ ಬರೆಯುವುದಕ್ಕೆ ಏನು?

ಅತ್ತೆ ಅಂದರೆ ಅಪ್ಪನ ಸ್ವಂತ ಅಕ್ಕ. ಎಪ್ಪತ್ತರ ದಶಕದ ಮಾತು. ಅವಳ ಮಗನಿಗೆ ನಮ್ಮಕ್ಕನನ್ನು ಕೊಡುವುದೆಂದು ಮಾತಾಗಿತ್ತು. ಹೊಳಲ್ಕೆರೆ ಹತ್ತಿರ ನಮ್ಮದು ಎಲೆತೋಟ. ಅಗಸೆ ಮರಗಳಿಗೆ ವೀಳ್ಯದೆಲೆ ಬಳ್ಳಿ ಹಬ್ಬಿಸಿದ್ದ ಅಪ್ಪ, ಮಕ್ಕಳ ತಲೆ ಸವರಿದ್ದಕ್ಕಿಂತ ಬಳ್ಳಿ ಸವರಿದ್ದೇ ಹೆಚ್ಚು. ನಮ್ಮಲ್ಲಿ ಮದುವೆ ಗಟ್ಟಿಮಾಡುವ ವೀಳ್ಯಶಾಸ್ತ್ರಕ್ಕೆ ಹೆಣ್ಣಿನ ಮನೆಯ ಎಲೆ ಮುಂಚೆಯೇ ಗಂಡಿನ ಮನೆ ಸೇರಬೇಕು, ಅಲ್ಲಿ ಹಿರಿಯರ ಮುಂದೆ ಕಟ್ಟು ಬಿಚ್ಚಬೇಕು. ಅಪ್ಪ ಒಂದೊಂದೇ ಎಲೆ ಆರಿಸಿ ಕಳಿಸಿದ.

ಅತ್ತೆ ಮನೆಯಲ್ಲಿ ಒಂದು ಪದ್ಧತಿಯಿತ್ತು, ಬೇರೆಲ್ಲೂ ನಾನು ಕಂಡಿಲ್ಲ. ಬೆಲ್ಲದ ಪಾನಕ ತುಂಬಿದ ತಂಬಿಗೆಯಲ್ಲಿ ಎಲೆಕಟ್ಟಿನ ತೊಟ್ಟು ಮುಳುಗಿಸಿ, ಮೇಲೆ ಬಟ್ಟೆ ಮುಚ್ಚಿ, ದೇವರ ಕೋಣೆಯಲ್ಲಿ ಇಡುತ್ತಿದ್ದರು. ಸಂಬಂಧ ಸಿಹಿಯಾಗಲಿ ಅಂತ. ಮಾರನೇ ದಿನವೇ ಶಾಸ್ತ್ರ ಮುಗಿಯುತ್ತಿದ್ದರಿಂದ ಎಲೆಗೆ ಏನೂ ಆಗುತ್ತಿರಲಿಲ್ಲ. ಈ ಸಲ ಅವರ ದಾಯಾದಿಗಳಲ್ಲಿ ಯಾರೋ ತೀರಿಕೊಂಡು ಸೂತಕ ಬಂತು. ಸೂತಕದವರು ದೇವರ ಕೋಣೆಗೆ ಕಾಲಿಡುವಂತಿಲ್ಲ. ಎಲೆ ಅಷ್ಟೂ ದಿನ ಕತ್ತಲಲ್ಲಿ ಪಾನಕ ಕುಡಿಯುತ್ತಾ ನಿಂತಿತು.

ಸೂತಕ ಕಳೆದ ಮೇಲೆ ನಾವೆಲ್ಲ ಹೋದೆವು. ಆ ಮನೆಯ ಹಿರಿಯಜ್ಜ ಕಟ್ಟು ಬಿಚ್ಚಿದ. ಎಲೆಯೆಲ್ಲ ಅರಿಶಿನ ಹಚ್ಚಿದಂತೆ ಹಳದಿ.

"ಇದೇನಮ್ಮ, ಬರೇ ಹಣ್ಣೆಲೆ!"

"ಹುಡುಗಿ ಕಾಲ್ಗುಣ ಕಣಜ್ಜ," ಅಂದಳು ಅತ್ತೆ. "ಹೊಸ್ತಿಲು ತುಳಿಯಾಕ್ ಮುಂಚೆನೇ ಮನೇಲಿ ಒಂದ್ ಹೆಣ ಬಿತ್ತು. ಈಗ ಎಲೆನೂ ಹಣ್ಣಾಗೈತೆ. ಲೇ ತಮ್ಮ, ನಿನ್ ಮಗಳನ್ನ ಕರ್ಕಂಡ್ ಹೋಗು."

ಅಪ್ಪ ಅಕ್ಕನ ಕೈ ಹಿಡಿದು ಎದ್ದ. ಬಸ್ಸಿನಲ್ಲಿ ಅಕ್ಕ ಮುಡಿದ ಹೂವನ್ನು ಒಂದೊಂದೇ ಕಿತ್ತು ಕಿಟಕಿಯಿಂದ ಎಸೆದಳು. ಅತ್ತೆ ಅಷ್ಟಕ್ಕೆ ಬಿಟ್ಟಳೇ? ಹಿರಿಯೂರು ಸಂತೆಯಿಂದ ಹೊಸದುರ್ಗದ ನೆಂಟರವರೆಗೆ ಸಾರಿಕೊಂಡು ಬಂದಳು. ಅಕ್ಕನನ್ನು ನೋಡಲು ಬರುತ್ತೇವೆ ಅಂದವರೆಲ್ಲ ದಾರಿಯಲ್ಲೇ ವಾಪಸ್ಸಾದರು.

ನಾನಾಗ ದುರ್ಗದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ. ಒಂದು ದಿನ ಸಸ್ಯಶಾಸ್ತ್ರದ ಮೇಷ್ಟ್ರು ಎಲೆ ಚೂರುಗಳನ್ನು ಎರಡು ಗಾಜಿನ ತಟ್ಟೆಯಲ್ಲಿ ಹಾಕಿಸಿದರು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು. ಕೆಲವು ದಿನ ಬಿಟ್ಟು ನೋಡಿದರೆ ಸಕ್ಕರೆಯವೇ ಮೊದಲು ಹಳದಿಯಾಗಿದ್ದವು.

"ಬಾಳೆಕಾಯಿ ಹಣ್ಣಾಗುವಾಗ ಎಥಿಲೀನ್ ಅನ್ನೋ ಗಾಳಿ ಬಿಡುತ್ತಲ್ಲಮ್ಮ, ಎಲೆನೂ ಅದನ್ನ ಬಿಡುತ್ತೆ. ಕಿತ್ತ ಎಲೆಗೆ ಸಕ್ಕರೆ ಕುಡಿಸಿದ್ರೆ ಇನ್ನೂ ಜಾಸ್ತಿ ಬಿಡುತ್ತೆ. ಮುಪ್ಪೂ ಬೇಗ ಬರುತ್ತೆ."

ಅವರು ಮುಂದೆ ಏನು ಹೇಳಿದರೋ ಕೇಳಲಿಲ್ಲ. ನನ್ನ ಕಣ್ಣಲ್ಲಿ ಅತ್ತೆಯ ತಂಬಿಗೆ ಕೂತಿತ್ತು.

ಅಪ್ಪನ ತೋಟದಿಂದ ಒಂದೇ ಬಳ್ಳಿಯ ಎರಡು ಕಟ್ಟು ಕುಯ್ದುಕೊಂಡು ನೆಟ್ಟಗೆ ಹಿರಿಯೂರಿಗೆ ಹೋದೆ. ಜಗಲಿಯಲ್ಲಿ ಹಿರಿಯಜ್ಜನೂ ಇದ್ದ, ಓಣಿಯ ಹೆಂಗಸರೂ ಇದ್ದರು. ಅದೇ ನನಗೆ ಬೇಕಿತ್ತು.

"ಅತ್ತೆ, ಇದ್ರಾಗೆ ಒಂದ್ ಕಟ್ಟು ನೀನೇ ಆರಿಸ್ಕ. ಪಾನಕದಾಗೆ ಇಡು. ಇನ್ನೊಂದು ಬರೇ ನೀರಿನಾಗೆ ಇರ್ಲಿ. ಸೂತಕದಾಗೆ ಕಾದಷ್ಟೇ ದಿನ ಕಾಯಾಣ."

"ನಾಕಕ್ಷರ ಕಲ್ತಿದ್ದಕ್ಕೆ ದೇವರ ಪಾನಕಕ್ಕೇ ಹುಳುಕು ತೆಗಿತಿಯೇನೇ?"

"ದೇವರ ಪಾನಕ ಆದ್ರೆ ನಿನಗ್ಯಾಕೆ ದಿಗಿಲು?"

ಹೆಂಗಸರು ಸೆರಗಿನಲ್ಲಿ ನಕ್ಕರು. ಅಜ್ಜ ಕೈ ಚಾಚಿದ. "ಇಡಮ್ಮ, ನೋಡೇಬಿಡಾಣ. ಕೋಣೆ ಬೀಗ ನನ್ ಹತ್ರ ಇರ್ಲಿ."

ಹೇಳಿದ ದಿನ ಮತ್ತೆ ಹೋದೆ. ಅಜ್ಜನೇ ಎರಡೂ ಕಟ್ಟನ್ನು ಹೊರಗೆ ತಂದು ಬಿಚ್ಚಿದ. ನೀರಿನದು ಕೊಂಚ ಬಾಡಿತ್ತು, ಆದರೆ ಹಸಿರು ಹಸಿರೇ. ಪಾನಕದ್ದು ಅವತ್ತಿನದೇ ಹಳದಿ.

"ಈಗ ಯಾರ ಕಾಲ್ಗುಣಮ್ಮ ಇದು?" ಅಂದ ಅಜ್ಜ. "ತಂಬಿಗೇದಾ?"

ಓಣಿಗೆ ಓಣಿಯೇ ನಕ್ಕಿತು. ಅತ್ತೆಯ ಮುಖ ನೋಡಬೇಕಿತ್ತು ನೀವು. ನಾನಂತೂ ಕಣ್ತುಂಬ ನೋಡಿದೆ.

"ತಪ್ಪಾತು ಅನ್ನು. ಸೋಮವಾರ ಹೋಗಿ ಹುಡುಗೀನ ಮತ್ತೆ ಕೇಳು," ಅಂತ ಅಜ್ಜ ಗದರಿದ. ನಾನು ಹಳದಿ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಊರಿಗೆ ತಂದು ಅಕ್ಕನ ಕೈಗೆ ಕೊಟ್ಟೆ. ಎಲ್ಲ ಕೇಳಿ ಅವಳು ಒಂದೇ ಮಾತು ಅಂದಳು: "ಇದನ್ನ ಬಿಸಾಡಬ್ಯಾಡ."

ಸೋಮವಾರ ಅತ್ತೆ ಮಗನ ಜೊತೆ ಬಂದಳು, ಹೂವು ಹಣ್ಣು ಹೊತ್ತುಕೊಂಡು. "ಏನೋ ತಿಳೀದೆ ಆತು ಕಣಪ್ಪ" ಅಂತ ಅಪ್ಪನ ಮುಂದೆ ಕೂತಳು. ಅಪ್ಪ ಬಾಯಿ ತೆರೆಯುವ ಮೊದಲೇ ಅಕ್ಕ ಒಳಗಿಂದ ತಟ್ಟೆ ಹಿಡಿದು ಬಂದಳು. ತಟ್ಟೆ ತುಂಬ ಹಣ್ಣೆಲೆ, ಮೇಲೆರಡು ಅಡಿಕೆ.

"ತಗಳ್ರಿ ಅತ್ತೆ. ನಿಮ್ಮನೆ ದೇವರ ಕೋಣೇದೇ."

ನಮ್ಮಲ್ಲಿ ಎಲೆ-ಅಡಿಕೆ ಕೊಟ್ಟರೆ ಇನ್ನು ಹೊರಡಿ ಅಂತ ಅರ್ಥ. ಕೊಟ್ಟದ್ದನ್ನು ಒಲ್ಲೆ ಅನ್ನುವಂತೆಯೂ ಇಲ್ಲ. ಅತ್ತೆ ಅಪ್ಪನ ಕಡೆ ನೋಡಿದಳು. ಅಪ್ಪ ಎದ್ದು ಕುಡುಗೋಲು ತಗೊಂಡು ತೋಟದ ಕಡೆ ನಡೆದ. ಅವಳು ಒಂದು ಹಳದಿ ಎಲೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು.

ಬಸ್ಸು ತಡವಾಗಿ ಬಂತು. ಅಲ್ಲಿಯವರೆಗೂ ನಾನು ಬಾಗಿಲಲ್ಲೇ ನಿಂತು ನೋಡಿದೆ.